ಟೈಮಿಂಗ್ ಬೆಲ್ಟ್ ಬದಲಿಸಿದ ಮೇಲೆ ಸ್ಟಾರ್ಟ್ ಆಗದ ಡಸ್ಟರ್: ಹುಬ್ಬಳ್ಳಿಯ ಒಂದು ಗ್ಯಾರೇಜಿನ ದೋಷಪತ್ತೆ

ಟೈಮಿಂಗ್ ಕೆಲಸ (ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ಒಂದಕ್ಕೊಂದು ಹೊಂದಿಸಿಡುವ ಬೆಲ್ಟಿನ ಕೆಲಸ) ಮಾಡಿಸಿದ ಮೇಲೆ ಸ್ಟಾರ್ಟ್ ಆಗದೆ ನಿಂತ ಕಾರಿನ ದೋಷ ಹುಡುಕಲು ಯಾರ ಬಳಿ ಹೋಗಬೇಕೆಂದು ಧಾರವಾಡ, ಗದಗ, ಹಾವೇರಿ ಕಡೆಯವರು ಯಾರಾದರೂ ನನ್ನನ್ನು ಕೇಳಿದರೆ, ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿರುವ ಒಂದು ಚಿಕ್ಕ ಗ್ಯಾರೇಜನ್ನು ಯಾವ ಹಿಂಜರಿಕೆಯೂ ಇಲ್ಲದೆ ಸೂಚಿಸುತ್ತೇನೆ. ಈ ವಿಮರ್ಶೆ ಅಲ್ಲಿನ ಒಂದೇ ಸೇವೆಗೆ ಸೀಮಿತವಾದದ್ದು. ಬಣ್ಣದ ಕೆಲಸವನ್ನಾಗಲಿ ಎಸಿ ಕೆಲಸವನ್ನಾಗಲಿ ಅಲ್ಲಿ ನಾನು ಮಾಡಿಸಿಲ್ಲ. ನಾನು ನೋಡಿರುವುದು, ಮೆಚ್ಚಿರುವುದು ದೋಷಪತ್ತೆಯ ಕೆಲಸವನ್ನು. ಕೈಯಲ್ಲಿರುವ ಕೆಲಸವೇ ಮುಗಿಯುತ್ತಿಲ್ಲವಾದ್ದರಿಂದ ಹೆಸರು ಬರೆಯಬೇಡಿರೆಂದು ಮಾಲೀಕರು ಕೇಳಿಕೊಂಡಿದ್ದಾರೆ, ಆ ಮಾತಿಗೆ ಬೆಲೆ ಕೊಟ್ಟು ಹೆಸರು ಬಿಟ್ಟಿದ್ದೇನೆ. ವಸಾಹತಿನಲ್ಲಿ ಡೀಸೆಲ್ ಪಂಪ್ ಮತ್ತು ಇಂಜೆಕ್ಟರ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಕೆಲಸ ಮಾಡುವವರನ್ನು ವಿಚಾರಿಸಿದರೆ, ಬಿಚ್ಚುವ ಮೊದಲು ಅಳತೆ ನೋಡುವ ಮೇಸ್ತ್ರಿ ಯಾರೆಂದು ಅವರೇ ದಾರಿ ತೋರಿಸುತ್ತಾರೆ.

ನಮ್ಮ ಗಾಡಿ 2014ರ ರೆನೋ ಡಸ್ಟರ್, 85 ಅಶ್ವಶಕ್ತಿಯ ಡೀಸೆಲ್. ಅದರೊಳಗಿರುವುದು ಕೆ9ಕೆ ಎಂದು ಕರೆಯುವ 1461 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್. ಇದೇ ಎಂಜಿನ್ ನಿಸಾನ್ ಟೆರಾನೊ, ಸನ್ನಿ, ಮೈಕ್ರಾ ಡೀಸೆಲ್ ಗಾಡಿಗಳಲ್ಲಿಯೂ ಮಹೀಂದ್ರ ವೆರಿಟೊದಲ್ಲಿಯೂ ಇರುವುದರಿಂದ, ಮುಂದೆ ಬರೆಯುವ ಮಾತು ಆ ಗಾಡಿಗಳ ಮಾಲೀಕರಿಗೂ ಹೆಚ್ಚು ಕಡಿಮೆ ಅನ್ವಯಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಂತ್ರಣದ ನಿಯಮ ಬಂದಾಗ ನಮ್ಮ ದೇಶದಲ್ಲಿ ಡಸ್ಟರ್‌ನ ಡೀಸೆಲ್ ಮಾದರಿ ನಿಂತಿತು. ಹಾಗಾಗಿ ಇಂದು ರಸ್ತೆಯಲ್ಲಿರುವ ಡೀಸೆಲ್ ಡಸ್ಟರ್‌ಗಳೆಲ್ಲ ವಯಸ್ಸಾದವು, ಬೆಲ್ಟ್ ಬದಲಿಸುವ ಹಂತವನ್ನು ತಲುಪಿದವು ಅಥವಾ ದಾಟಿದವು. ಈ ಎಂಜಿನ್‌ನಲ್ಲಿ ಚೈನ್ ಇಲ್ಲ. ಹಲ್ಲುಗಳುಳ್ಳ ಒಂದು ರಬ್ಬರ್ ಬೆಲ್ಟು, ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ನಿಂದ ಹೊರಟು, ವಾಲ್ವುಗಳನ್ನು ತೆರೆಯುವ ದಂಡವಾದ ಕ್ಯಾಮ್‌ಶಾಫ್ಟ್, ಅಧಿಕ ಒತ್ತಡದ ಡೀಸೆಲ್ ಪಂಪು ಮತ್ತು ನೀರಿನ ಪಂಪು ಮೂರನ್ನೂ ತಿರುಗಿಸುತ್ತದೆ. ಬೆಲ್ಟ್ ತುಂಡಾದರೆ ಅಥವಾ ಹಲವು ಹಲ್ಲು ಜಾರಿದರೆ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಅದಕ್ಕಾಗಿಯೇ ತುಂಡಾಗುವ ತನಕ ಕಾಯದೆ ಅವಧಿಗೆ ಸರಿಯಾಗಿ ಬೆಲ್ಟ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಭಾಗ), ನೀರಿನ ಪಂಪು ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ರೂಢಿ.

ನಾವು ಮಾಡಿಸಿದ್ದೂ ಅದನ್ನೇ, ಆದರೆ ಬೇರೊಂದು ಊರಿನ ಬೇರೊಂದು ಕಡೆ. ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಬೆಲ್ಟ್ ಬದಲಾವಣೆಗೆಂದು ಬಿಟ್ಟೆವು. ಎಲ್ಲವನ್ನೂ ಜೋಡಿಸಿದ ಮೇಲೆ ಎಂಜಿನ್ ತಿರುಗಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಅಲ್ಲಿನವರು ಬ್ಯಾಟರಿ ಸೋಲುವ ತನಕ ಸೆಲ್ಫ್ ಹೊಡೆದರು, ಬೇರೆ ಗಾಡಿಯಿಂದ ಕೇಬಲ್ ಕೊಟ್ಟು ಮತ್ತೆ ಹೊಡೆದರು, ಆಮೇಲೆ ಇಂಜೆಕ್ಟರ್‌ಗಳು ಹೋಗಿವೆ ಎಂದರು, ಕೊನೆಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕೆಟ್ಟಿರಬಹುದೆಂದರು. ಕೆಲಸಕ್ಕೆ ಬರುವ ತನಕ ಸರಿಯಾಗಿದ್ದ ನಾಲ್ಕು ಇಂಜೆಕ್ಟರ್‌ಗಳು ಬೆಲ್ಟ್ ಬದಲಿಸಿದ ದಿನವೇ ಒಟ್ಟಿಗೆ ಕೆಡುವುದು ನಂಬಲರ್ಹವಾದ ವಿವರಣೆಯಲ್ಲ. ಯಾವುದೇ ಕೆಲಸದ ಬೆನ್ನಿಗೇ ಹುಟ್ಟಿದ ದೋಷವನ್ನು ಮೊದಲು ಆ ಕೆಲಸದಲ್ಲಿ ಕೈ ಹಾಕಿದ ಜಾಗಗಳಲ್ಲೇ ಹುಡುಕಬೇಕು. ಗಾಡಿಯನ್ನು ಚಪ್ಪಟೆ ಹಾಸಿನ ಟೋಯಿಂಗ್ ಲಾರಿಯ ಮೇಲೆ ಹುಬ್ಬಳ್ಳಿಗೆ ಸಾಗಿಸಿದೆವು.

ಇಳಿಸುತ್ತಿದ್ದಂತೆ ಮಾಲೀಕರು ಮೊದಲು ಮಾಡಿದ್ದು ಕೀಲಿ ಕೈ ಕೇಳಿ ಪಡೆದು ಜೇಬಿಗೆ ಹಾಕಿಕೊಂಡದ್ದು. “ಇನ್ನ ಮ್ಯಾಲೆ ಯಾರೂ ಸೆಲ್ಫ್ ಹೊಡಿಬ್ಯಾಡ್ರಿ ಸರ. ಒಳಗ ಏನ್ ಆಗೇತಿ ಅಂತ ಗೊತ್ತಾಗೂ ತನಕಾ ಕೀಲಿ ನನ್ ಕಡೆನ ಇರ್ಲಿ” ಎಂದರು. ನನ್ನ ದೃಷ್ಟಿಯಲ್ಲಿ ಈ ಗ್ಯಾರೇಜಿನ ಗುಣಮಟ್ಟವೆಲ್ಲ ಈ ಒಂದು ನಡೆಯಲ್ಲಿದೆ. ಟೈಮಿಂಗ್ ತಪ್ಪಿರಬಹುದಾದ ಎಂಜಿನ್‌ನಲ್ಲಿ ಪ್ರತಿ ಬಾರಿ ಸೆಲ್ಫ್ ಹೊಡೆದಾಗಲೂ ಪಿಸ್ಟನ್ ಮತ್ತು ವಾಲ್ವುಗಳು ಎದುರುಬದುರಾಗುವ ಅಪಾಯವಿದೆ. ಹತ್ತಾರು ಜನ ಸೇರಿ ಗಾಡಿಯನ್ನು ತಳ್ಳಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡಲು ನೋಡಿದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಚಕ್ರಗಳ ಬಲದ ಮುಂದೆ ಸ್ಟಾರ್ಟರ್ ಮೋಟಾರಿನ ಬಲ ಏನೇನೂ ಅಲ್ಲ. ಒಂದು ಹಲ್ಲಿನಷ್ಟು ತಪ್ಪಿದ್ದರೆ ಬರಿಯ ಬೆಲ್ಟ್ ಬಿಚ್ಚಿ ಕೂರಿಸುವುದರಲ್ಲಿ ಮುಗಿಯುವ ಕೆಲಸ, ಅವಸರದಿಂದ ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚಿ ವಾಲ್ವ್ ಬದಲಿಸುವ ಕೆಲಸವಾಗಿಬಿಡುತ್ತದೆ.

ಆಮೇಲಿನ ಪರೀಕ್ಷೆ ಕೈಯಿಂದಲೇ ನಡೆಯಿತು. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಬಲಗಡೆಯ ಮುಂಚಕ್ರ ತೆಗೆದು, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಹಿಡಿಯ ರ‍್ಯಾಚೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ ನಿಧಾನವಾಗಿ ಪೂರ್ತಿ ಎರಡು ಸುತ್ತು ತಿರುಗಿಸಿದರು. ನಾಲ್ಕು ಹಂತದ ಎಂಜಿನ್‌ನಲ್ಲಿ ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಬರುತ್ತದೆ, ಅಂದರೆ ಎರಡು ಸುತ್ತಿನಲ್ಲಿ ಎಲ್ಲ ವಾಲ್ವುಗಳೂ ಒಮ್ಮೆ ತೆರೆದು ಮುಚ್ಚಿರುತ್ತವೆ. ಕಂಪ್ರೆಷನ್‌ನಿಂದ, ಅಂದರೆ ಪಿಸ್ಟನ್ ಗಾಳಿಯನ್ನು ಒತ್ತುವುದರಿಂದ, ಬರುವ ತಡೆ ಮೆತ್ತಗಿರುತ್ತದೆ, ಒತ್ತಿ ಹಿಡಿದರೆ ಗಾಳಿ ಸೋರಿ ಮುಂದಕ್ಕೆ ಸರಿಯುತ್ತದೆ. ಲೋಹಕ್ಕೆ ಲೋಹ ತಾಗಿದಾಗ ಬರುವ ತಡೆ ಗಟ್ಟಿಯಾಗಿ ಒಮ್ಮೆಲೇ ನಿಲ್ಲಿಸುತ್ತದೆ. ಆ ವ್ಯತ್ಯಾಸ ತಿಳಿಯಲಿ ಎಂದು ಹಿಡಿಯನ್ನು ನನ್ನ ಕೈಗೂ ಕೊಟ್ಟರು. ಎಲ್ಲಿಯೂ ಗಟ್ಟಿಯಾಗಿ ನಿಲ್ಲಲಿಲ್ಲ. ಇದರಿಂದ ವಾಲ್ವುಗಳು ಸುರಕ್ಷಿತ ಎಂದು ಸಾಬೀತಾಗುವುದಿಲ್ಲ, ಮುಂದಿನ ಪರೀಕ್ಷೆಗೆ ಸ್ವಲ್ಪ ಹೊತ್ತು ಸೆಲ್ಫ್ ಹೊಡೆಯಬಹುದು ಎಂಬುದಷ್ಟೇ ತಿಳಿಯುತ್ತದೆ ಎಂದು ಅವರು ಸ್ಪಷ್ಟವಾಗಿ ಹೇಳಿದರು.

ಹಾಗೆಂದು ಕೂಡಲೇ ಸೆಲ್ಫ್ ಹೊಡೆಯಲಿಲ್ಲ, ಮೊದಲು ಬ್ಯಾಟರಿಯನ್ನು ನೋಡಿದರು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ನಮ್ಮದು 12ಕ್ಕಿಂತ ಕೆಳಗಿತ್ತು. ಸೆಲ್ಫ್ ಹೊಡೆಯುವಾಗ ವೋಲ್ಟೇಜು ಒಂಬತ್ತೂವರೆಗಿಂತ ಕೆಳಗೆ ಕುಸಿದರೆ ಇಸಿಯು ಮತ್ತು ಸೆನ್ಸರ್‌ಗಳು ತೋರಿಸುವ ಅಂಕಿಗಳನ್ನು ನಂಬುವಂತಿಲ್ಲ, ಎಂಜಿನ್ ತಿರುಗುವ ವೇಗವೂ ಡೀಸೆಲ್ ಹೊತ್ತಿಕೊಳ್ಳುವಷ್ಟು ಇರುವುದಿಲ್ಲ. ಆದ್ದರಿಂದ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜರಿಗೆ ಹಾಕಿ ಮರುದಿನ ಬನ್ನಿ ಎಂದರು. ಅವಸರದಲ್ಲಿರುವ ಗಿರಾಕಿಗೆ ಇದು ಕಿರಿಕಿರಿ ಎನ್ನಿಸಬಹುದು, ಆದರೆ ಸೋತ ಬ್ಯಾಟರಿಯ ಮೇಲೆ ಮಾಡಿದ ಪರೀಕ್ಷೆ ತಪ್ಪು ದಾರಿಗೆ ಎಳೆಯುತ್ತದೆ. ಇಸಿಯು ಕೆಟ್ಟಿದೆ ಎಂಬ ಮೊದಲಿನವರ ತೀರ್ಮಾನ ಹುಟ್ಟಿದ್ದೂ ಸೋತ ಬ್ಯಾಟರಿಯ ಮೇಲೆಯೇ ಎಂದು ನನಗನ್ನಿಸುತ್ತದೆ.

ಮರುದಿನ ಸ್ಕ್ಯಾನರ್ ಹಾಕಿದರು. ನಮ್ಮ ಕಡೆ ಬಹಳಷ್ಟು ಜನ ಸ್ಕ್ಯಾನರ್ ಹಾಕುವುದೆಂದರೆ ದೋಷ ಸಂಕೇತ ಓದಿ, ಆ ಸಂಕೇತದಲ್ಲಿ ಹೆಸರಿರುವ ಬಿಡಿಭಾಗವನ್ನು ಬದಲಿಸುವುದು ಎಂದುಕೊಂಡಿದ್ದಾರೆ. ಇಲ್ಲಿ ಸಂಕೇತಗಳನ್ನು ಬರೆದಿಟ್ಟುಕೊಂಡ ಮೇಲೆ ಸೆಲ್ಫ್ ಹೊಡೆಯುತ್ತಿರುವಾಗಲೇ ಪರದೆಯ ಮೇಲೆ ಬದಲಾಗುವ ಅಂಕಿಗಳನ್ನು ನೋಡಿದರು. ಎಂಜಿನ್ ವೇಗ ನಿಮಿಷಕ್ಕೆ 240 ಸುತ್ತಿನಷ್ಟು ಕಾಣಿಸಿತು; ಕ್ರ್ಯಾಂಕ್ ಸೆನ್ಸರ್ ಸತ್ತಿದ್ದರೆ ಎಂಜಿನ್ ತಿರುಗುತ್ತಿದ್ದರೂ ಅಲ್ಲಿ ಸೊನ್ನೆ ಇರುತ್ತಿತ್ತು. ರೈಲ್ ಒತ್ತಡ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯೊಳಗಿನ ಒತ್ತಡ, 260 ಬಾರ್ (ಒತ್ತಡದ ಅಳತೆ) ತನಕ ಏರಿತು. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 200 ಬಾರಿನ ಸುತ್ತಮುತ್ತ ಒತ್ತಡ ಬಂದ ಮೇಲೆಯೇ ಇಸಿಯು ಇಂಜೆಕ್ಟರ್‌ಗಳನ್ನು ತೆರೆಯುತ್ತದೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದ್ದರೆ, ಫಿಲ್ಟರ್ ಕಟ್ಟಿಕೊಂಡಿದ್ದರೆ, ಪಂಪು ಸೋತಿದ್ದರೆ, ಅಥವಾ ಇಂಜೆಕ್ಟರ್‌ಗಳು ಡೀಸೆಲನ್ನು ಹಿಂದಕ್ಕೆ ಸೋರಿಸುತ್ತಿದ್ದರೆ ಒತ್ತಡ ಆ ಮಟ್ಟಕ್ಕೆ ಏರುವುದಿಲ್ಲ. ನಾಲ್ಕು ಇಂಜೆಕ್ಟರ್ ಬದಲಿಸಬೇಕೆಂಬ ಸಲಹೆಯನ್ನು ಈ ಒಂದು ಅಂಕಿ ತಳ್ಳಿಹಾಕಿತು. ಇಮ್ಮೊಬಿಲೈಸರ್ (ಸರಿಯಾದ ಕೀಲಿ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಎಂದಿನಂತೆ ಆರುತ್ತಿತ್ತು, ಆದ್ದರಿಂದ ಕೀಲಿಯ ಸಮಸ್ಯೆಯೂ ಅಲ್ಲ. ಉಳಿದದ್ದು ಒಂದೇ: ಸಿಂಕ್ರೊನೈಸೇಶನ್ ಎಂಬ ಸಾಲಿನಲ್ಲಿ ‘ಇಲ್ಲ’ ಎಂದೇ ಬರುತ್ತಿತ್ತು. ದಾಖಲಾಗಿದ್ದ ಸಂಕೇತಗಳು ಪಿ0016 ಮತ್ತು ಪಿ0340. ಮೊದಲನೆಯದು ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಥಾನಗಳು ಒಂದಕ್ಕೊಂದು ಹೊಂದುತ್ತಿಲ್ಲ ಎನ್ನುವುದು, ಎರಡನೆಯದು ಕ್ಯಾಮ್ ಸೆನ್ಸರ್‌ನ ವಿದ್ಯುತ್ ಜಾಲದಲ್ಲಿ ತೊಂದರೆ ಇದೆ ಎನ್ನುವುದು.

ಸಿಂಕ್ರೊನೈಸೇಶನ್ ಎಂದರೇನು ಎಂಬುದನ್ನು ಅವರು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ಕ್ರ್ಯಾಂಕ್ ಸೆನ್ಸರ್ ನೋಡಿ ಪಿಸ್ಟನ್ ಮೇಲೆ ಬಂದಿದೆ ಎಂದು ಇಸಿಯುಗೆ ಗೊತ್ತಾಗುತ್ತದೆ, ಆದರೆ ಅದು ಗಾಳಿಯನ್ನು ಒತ್ತಿ ಮೇಲೆ ಬಂದದ್ದೋ ಹೊಗೆಯನ್ನು ಹೊರಗೆ ನೂಕಿ ಮೇಲೆ ಬಂದದ್ದೋ ಎಂಬುದು ಗೊತ್ತಾಗುವುದಿಲ್ಲ. ಅದನ್ನು ತಿಳಿಸುವುದು ಕ್ಯಾಮ್ ಸೆನ್ಸರ್. ಎರಡರ ಸುದ್ದಿಯೂ ತನ್ನ ಲೆಕ್ಕಕ್ಕೆ ಕೂಡಿ ಬರದಿದ್ದರೆ ಯಾವ ಸಿಲಿಂಡರಿಗೆ ಡೀಸೆಲ್ ಕೊಡಬೇಕೆಂದು ತಿಳಿಯದೆ ಇಸಿಯು ಸ್ಟಾರ್ಟ್ ಆಗಲು ಬಿಡುವುದೇ ಇಲ್ಲ. ಅಂದರೆ ಸ್ಟಾರ್ಟ್ ಆಗದೆ ನಿಂತದ್ದೇ ಇಸಿಯು ಎಚ್ಚರವಾಗಿದೆ ಎಂಬುದಕ್ಕೆ ಗುರುತು. ನಾಲ್ಕು ಮಾತಿನಲ್ಲಿ ಇಷ್ಟು ತಿಳಿಯಾಗಿ ಹೇಳಬಲ್ಲ ಮೇಸ್ತ್ರಿಗಳು ನಮ್ಮಲ್ಲಿ ಇದ್ದಾರೆ ಎಂಬುದೇ ನನಗೆ ಸಂತೋಷದ ವಿಷಯ.

ಇಲ್ಲಿಂದ ಮುಂದಿನ ಹಂತಕ್ಕೆ ಬೇಕಾದ ಸಲಕರಣೆ ಎಲ್ಲ ಗ್ಯಾರೇಜುಗಳಲ್ಲಿ ಸಿಗುವುದಿಲ್ಲ. ವಿದ್ಯುತ್ ಸಂಕೇತವನ್ನು ಗೆರೆಯ ಚಿತ್ರವಾಗಿ ತೋರಿಸುವ ಆಸಿಲೋಸ್ಕೋಪಿನ ಒಂದು ತಂತಿಯನ್ನು ಕ್ರ್ಯಾಂಕ್ ಸೆನ್ಸರಿಗೂ ಇನ್ನೊಂದನ್ನು ಕ್ಯಾಮ್ ಸೆನ್ಸರಿಗೂ ಕೊಟ್ಟು, ಎರಡರ ಸಂಕೇತಗಳನ್ನೂ ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದರ ಕೆಳಗೊಂದು ಮೂಡಿಸಿದರು. ಹಲವು ಎಂಜಿನ್‌ಗಳ ಕ್ರ್ಯಾಂಕ್ ಚಕ್ರದಲ್ಲಿ 60 ಹಲ್ಲುಗಳಿಗೆ ಜಾಗ ಮಾಡಿ ಅದರಲ್ಲಿ 2 ಹಲ್ಲನ್ನು ಬಿಟ್ಟಿರುತ್ತಾರೆ. ಒಂದೊಂದು ಹಲ್ಲು 6 ಡಿಗ್ರಿಗೆ ಸಮ, ಬಿಟ್ಟ ಜಾಗ ಎಣಿಕೆ ಶುರು ಮಾಡುವ ಗುರುತು. ಆ ಬಿಟ್ಟ ಜಾಗದಿಂದ ಎಣಿಸಿದರೆ ಕ್ಯಾಮ್ ಸಂಕೇತ ಏರುವ ಅಥವಾ ಇಳಿಯುವ ಅಂಚು ಎಷ್ಟನೆಯ ಹಲ್ಲಿಗೆ ಬರುತ್ತದೆ ಎಂಬುದು ಆಯಾ ಎಂಜಿನ್ನಿಗೆ ನಿಗದಿಯಾಗಿರುತ್ತದೆ. ಈ ಗ್ಯಾರೇಜಿನವರು ಸರಿಯಾಗಿ ಓಡುವ ಗಾಡಿ ಸರ್ವಿಸಿಗೆ ಬಂದಾಗಲೆಲ್ಲ ಮಾಲೀಕರ ಒಪ್ಪಿಗೆ ಪಡೆದು ಈ ಚಿತ್ರವನ್ನು ತೆಗೆದು ಇಟ್ಟುಕೊಳ್ಳುತ್ತಾರೆ. ಹಿಂದೆ ತೆಗೆದಿಟ್ಟ ಒಂದು ಡಸ್ಟರ್‌ನ ಚಿತ್ರದ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡಿದಾಗ ಕ್ಯಾಮ್‌ನ ಅಂಚು ಕ್ರ್ಯಾಂಕ್ ಚಕ್ರದ ಮೂರು ಹಲ್ಲಿನಷ್ಟು ತಡವಾಗಿ ಬರುತ್ತಿತ್ತು, ಅಂದರೆ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 18 ಡಿಗ್ರಿ. ಕ್ಯಾಮ್ ಪುಲ್ಲಿಯಲ್ಲಿ 40ರಷ್ಟು ಹಲ್ಲುಗಳಿವೆ ಎಂದಿಟ್ಟುಕೊಂಡರೆ ಒಂದು ಹಲ್ಲು ಕ್ಯಾಮ್‌ನಲ್ಲಿ 9 ಡಿಗ್ರಿ, ಕ್ರ್ಯಾಂಕ್‌ನಲ್ಲಿ ಅದರ ಎರಡರಷ್ಟು. ಬೆಲ್ಟು ಒಂದು ಹಲ್ಲು ತಪ್ಪಿ ಕೂತಿದೆ ಎಂದು ಬೆಲ್ಟಿನ ಕವರು ಬಿಚ್ಚುವ ಮೊದಲೇ ತಿಳಿಯಿತು.

ಅಷ್ಟಾದರೂ ಬೆಲ್ಟಿಗೆ ಕೈ ಹಾಕಲಿಲ್ಲ. ವಾಲ್ವ್ ಬಾಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಉಳಿದಿತ್ತು. ಕಂಪ್ರೆಷನ್ ಗೇಜ್ ಹಾಕಬೇಕಾದರೆ ಗ್ಲೋ ಪ್ಲಗ್‌ಗಳನ್ನು (ಸ್ಟಾರ್ಟ್ ಮಾಡುವಾಗ ಸಿಲಿಂಡರಿನ ಒಳಗೆ ಬಿಸಿ ಕೊಡುವ ಪ್ಲಗ್‌ಗಳು) ಬಿಚ್ಚಬೇಕು. ವಯಸ್ಸಾದ ಡೀಸೆಲ್ ಎಂಜಿನ್‌ನಲ್ಲಿ ಅವು ಹೆಡ್ಡಿನಲ್ಲಿ ಕಚ್ಚಿಕೊಂಡು ತುಂಡಾಗುವುದು ಹೊಸತೇನಲ್ಲ, ತುಂಡಾದರೆ ಇಲ್ಲದ ಕೆಲಸವೊಂದು ತಲೆಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಇಂಜೆಕ್ಟರ್‌ಗಳ ಕನೆಕ್ಟರ್ ತೆಗೆದು, ಬ್ಯಾಟರಿಯ ಕೇಬಲ್ಲಿಗೆ ಕರೆಂಟ್ ಅಳೆಯುವ ಕ್ಲ್ಯಾಂಪ್ ಹಾಕಿ, ಕೆಲವು ಕ್ಷಣ ಸೆಲ್ಫ್ ಹೊಡೆದರು. ಪ್ರತಿ ಸಿಲಿಂಡರ್ ಗಾಳಿಯನ್ನು ಒತ್ತುವಾಗ ಸ್ಟಾರ್ಟರ್‌ಗೆ ಹೆಚ್ಚು ಕರೆಂಟ್ ಬೇಕು, ಹಾಗಾಗಿ ಪರದೆಯಲ್ಲಿ ಒಂದರ ಹಿಂದೆ ಒಂದು ಏರುಗಳು ಮೂಡುತ್ತವೆ. ಒಂದು ಸಿಲಿಂಡರಿನ ವಾಲ್ವ್ ಬಾಗಿ ಗಾಳಿ ಸೋರುತ್ತಿದ್ದರೆ ಅದರ ಏರು ಕುಗ್ಗಿರುತ್ತದೆ. ನಮ್ಮ ಗಾಡಿಯ ನಾಲ್ಕು ಏರುಗಳೂ ಒಂದೇ ಎತ್ತರಕ್ಕಿದ್ದವು. ನಾಲ್ಕೂ ಸಮನಾಗಿ ಕೆಟ್ಟಿದ್ದರೆ ಈ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ, ಟೈಮಿಂಗ್ ಸರಿಪಡಿಸಿದ ಮೇಲೆ ಮತ್ತೊಮ್ಮೆ ನೋಡಿಯೇ ಹೇಳುತ್ತೇನೆ ಎಂದು ತಮ್ಮ ಪರೀಕ್ಷೆಯ ಮಿತಿಯನ್ನೂ ಅವರೇ ತಿಳಿಸಿದರು. ಹೀಗೆ ಹೇಳುವವರ ಮೇಲೆ ನಂಬಿಕೆ ತಾನಾಗಿ ಬೆಳೆಯುತ್ತದೆ.

ಈ ಎಂಜಿನ್‌ನಲ್ಲಿ ಬೆಲ್ಟ್ ಇರುವ ಬದಿಯನ್ನು ತಲುಪುವುದೇ ದೊಡ್ಡ ಕೆಲಸ. ಎಂಜಿನ್ ಅಡ್ಡಲಾಗಿ ಕೂತಿರುತ್ತದೆ, ಬೆಲ್ಟು ಬಲಗಡೆಯ ಎಂಜಿನ್ ಮೌಂಟಿಂಗಿನ ಹಿಂದೆ ಇರುತ್ತದೆ. ಕೆಳಗಿನಿಂದ ಎಂಜಿನ್ನಿಗೆ ಜ್ಯಾಕಿನ ಆಸರೆ ಕೊಟ್ಟು ಮೌಂಟಿಂಗ್ ತೆಗೆದ ಮೇಲೆಯೇ ಕವರು ಬರುತ್ತದೆ. ಟೈಮಿಂಗ್ ಕೂರಿಸುವುದಕ್ಕೆ ಎರಡು ಪಿನ್‌ಗಳು ಬೇಕು. ಒಂದನ್ನು ಬ್ಲಾಕಿನ ರಂಧ್ರಕ್ಕೆ ತಿರುಗಿಸಿ ಕೂರಿಸಿ, ಕ್ರ್ಯಾಂಕ್‌ಶಾಫ್ಟನ್ನು ಅದಕ್ಕೆ ಒರಗುವಂತೆ ತರಬೇಕು. ಇನ್ನೊಂದನ್ನು ಕ್ಯಾಮ್ ಪುಲ್ಲಿಯ ತೂತಿನ ಮೂಲಕ ಹೆಡ್ಡಿನ ತೂತಿಗೆ ತೂರಿಸಬೇಕು. ಎರಡೂ ಒಟ್ಟಿಗೆ ಕೂತರೆ ಟೈಮಿಂಗ್ ಸರಿ, ಕೂರದಿದ್ದರೆ ತಪ್ಪು. ಇದರಲ್ಲಿ ಅಂದಾಜಿಗೆ ಎಡೆಯೇ ಇಲ್ಲ. ನಮ್ಮ ಗಾಡಿಯಲ್ಲಿ ಕ್ರ್ಯಾಂಕ್ ಪಿನ್ನಿಗೆ ಒರಗಿದಾಗ ಕ್ಯಾಮ್ ಪುಲ್ಲಿಯ ತೂತು ಪಕ್ಕಕ್ಕೆ ಸರಿದಿತ್ತು. ಹಳೆಯ ಬೆಲ್ಟಿನ ಮೇಲೆ ಬಿಳಿ ಬಣ್ಣದ ಗುರುತು ಹಾಕಿಕೊಂಡು ಹೊಸದನ್ನು ಅದೇ ಲೆಕ್ಕಕ್ಕೆ ಕೂರಿಸುವ ಪದ್ಧತಿ ನಮ್ಮಲ್ಲಿ ಬಹಳ ಕಡೆ ಇದೆ, ಹಲವು ಸಲ ಅದು ನಡೆದೂಹೋಗುತ್ತದೆ. ಆದರೆ ಟೆನ್ಷನರ್ ಇಲ್ಲದ ಬದಿಯಲ್ಲಿ ಬೆಲ್ಟು ಬಿಗಿಯಾಗಿರದೆ ಸ್ವಲ್ಪ ಜೋತುಬಿದ್ದಿದ್ದರೆ, ಟೆನ್ಷನರ್ ಬಿಗಿ ಮಾಡಿದಾಗ ಅದು ಆ ಜೋಲನ್ನು ಎಳೆದುಕೊಂಡು ಕ್ಯಾಮನ್ನು ಒಂದು ಹಲ್ಲು ಹಿಂದಕ್ಕೆ ಬಿಡುತ್ತದೆ. ಬಣ್ಣದ ಗುರುತು ಕೂರಿಸುವಾಗ ಸರಿಯಾಗಿಯೇ ಕಂಡಿರುತ್ತದೆ. ಜೋಡಿಸಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ಮತ್ತೆ ಪಿನ್ ಹಾಕಿ ನೋಡಿದ್ದರೆ ತಪ್ಪು ಅಲ್ಲಿಯೇ ಸಿಕ್ಕುತ್ತಿತ್ತು.

ಸರಿಪಡಿಸುವಾಗ ಅವರು ಕ್ರ್ಯಾಂಕ್‌ನಿಂದ ಆರಂಭಿಸಿ ಬಿಗಿ ಬದಿಯನ್ನು (ಟೆನ್ಷನರ್ ಇಲ್ಲದ ಬದಿ) ಜೋಲಿಲ್ಲದಂತೆ ಎಳೆದು ಬೆಲ್ಟ್ ಕೂರಿಸಿದರು, ಟೆನ್ಷನರ್‌ನ ಸೂಚಕವನ್ನು ಗುರುತಿಗೆ ತಂದರು, ಪಿನ್‌ಗಳನ್ನು ತೆಗೆದು ಎರಡು ಸುತ್ತು ತಿರುಗಿಸಿ ಮತ್ತೆ ಪಿನ್ ಹಾಕಿದರು, ಸೂಚಕ ಸ್ವಲ್ಪ ಸರಿದಿದ್ದರಿಂದ ಮತ್ತೆ ಸರಿಹೊಂದಿಸಿ ಅದೆಲ್ಲವನ್ನೂ ಇನ್ನೊಮ್ಮೆ ಮಾಡಿದರು. ಕ್ರ್ಯಾಂಕ್ ಪುಲ್ಲಿಯ ದೊಡ್ಡ ಬೋಲ್ಟನ್ನು ಬಿಗಿಯುವಾಗ ಪಿನ್‌ಗಳನ್ನು ಆಸರೆಯಾಗಿ ಬಳಸಲಿಲ್ಲ, ಹಾಗೆ ಬಳಸಿದರೆ ಪಿನ್ನೂ ಅದು ಒರಗುವ ಜಾಗವೂ ಹಾಳಾಗುತ್ತವೆ. ಆ ಬೋಲ್ಟು ಹೊಸದನ್ನೇ ಹಾಕಿದರು. ಟಾರ್ಕ್ ರೆಂಚಿನಿಂದ ಬಿಗಿದು, ಆಮೇಲೆ ಕಂಪನಿ ಹೇಳಿದಷ್ಟು ಕೋನಕ್ಕೆ ತಿರುಗಿಸಿದರು.

ಇಷ್ಟಾದ ಮೇಲೂ ಗಾಡಿ ಒಮ್ಮೆ ಸ್ಟಾರ್ಟ್ ಆಗಿ ಮರುಸಲ ಆಗಲಿಲ್ಲ. ಇಲ್ಲಿ ಪಿ0340 ಸಂಕೇತದ ಅರ್ಥ ತಿಳಿಯಿತು. ಬೆಲ್ಟ್ ಕೆಲಸಕ್ಕಾಗಿ ಕ್ಯಾಮ್ ಸೆನ್ಸರ್‌ನ ಕನೆಕ್ಟರನ್ನು ತೆಗೆಯಬೇಕಾಗುತ್ತದೆ. ಹತ್ತು ವರ್ಷ ಎಂಜಿನ್ನಿನ ಬಿಸಿಗೆ ಒಣಗಿದ ಪ್ಲಾಸ್ಟಿಕ್ಕಿನ ಲಾಕು ತೆಗೆಯುವಾಗ ಮುರಿದಿತ್ತು; ಕನೆಕ್ಟರ್ ಕೂತಂತೆ ಕಾಣುತ್ತಿತ್ತೇ ಹೊರತು ಲಾಕು ಬಿದ್ದಿರಲಿಲ್ಲ, ಎಂಜಿನ್ ಅಲುಗಿದಾಗ ಸಂಪರ್ಕ ತಪ್ಪುತ್ತಿತ್ತು. ಎರಡು ದೋಷಗಳು ಒಂದರ ಹಿಂದೆ ಒಂದು ಅಡಗಿದ್ದವು. ಬೆಲ್ಟನ್ನು ಮಾತ್ರ ಸರಿಪಡಿಸಿ ಕಳಿಸಿದ್ದರೆ ದಾರಿಯಲ್ಲಿ ನಿಲ್ಲುವುದು ಖಂಡಿತವಿತ್ತು, ಮತ್ತೆ ಬೆಲ್ಟಿನ ಮೇಲೆಯೇ ಅನುಮಾನ ಬರುತ್ತಿತ್ತು. ಹೊಸ ಕನೆಕ್ಟರನ್ನು ಬೆಸುಗೆ ಹಾಕಿ ಜೋಡಿಸಿದ ಮೇಲೆ ಎಂಜಿನ್ ಪ್ರತಿ ಸಲವೂ ಕೀಲಿ ತಿರುಗಿಸಿದ ಕೂಡಲೇ ಹಿಡಿಯಿತು. ಮತ್ತೆ ಆಸಿಲೋಸ್ಕೋಪ್ ಚಿತ್ರ ತೆಗೆದರು, ಮತ್ತೆ ಕರೆಂಟಿನ ಏರುಗಳನ್ನು ನೋಡಿದರು. ಈ ಸಲ ಏರುಗಳು ಸಮನಾಗಿಯೂ ಇದ್ದವು, ಮೊದಲಿಗಿಂತ ಎತ್ತರವಾಗಿಯೂ ಇದ್ದವು. ವಾಲ್ವುಗಳು ಉಳಿದಿದ್ದವು.

ಹಣದ ವಿಷಯ. ದೋಷಪತ್ತೆಗೆ 1,800 ರೂಪಾಯಿ ಬೇರೆಯಾಗಿ ತೆಗೆದುಕೊಂಡರು, ಅದನ್ನು ಮೊದಲೇ ಹೇಳಿದ್ದರು. ಬೆಲ್ಟ್ ಮತ್ತೆ ಕೂರಿಸುವ ಕೂಲಿ, ಬೋಲ್ಟು, ಕನೆಕ್ಟರು, ಹೊರಬಿದ್ದ ಕೂಲಂಟಿಗೆ ಬದಲು ಹೊಸದು ಇವಿಷ್ಟೂ ಬಿಲ್ಲಿನಲ್ಲಿ ಒಂದೊಂದಾಗಿ ನಮೂದಾಗಿದ್ದವು. ಹಿಂದೆ ಹಾಕಿದ್ದ ಬೆಲ್ಟ್ ಒಳ್ಳೆಯ ಕಂಪನಿಯದೇ ಆಗಿದ್ದು, ಅದರ ಮೇಲೆ ಎಣ್ಣೆಯ ಕಲೆಯಾಗಲಿ ಮಡಿಕೆಯಾಗಲಿ ಇಲ್ಲವೆಂದು ತೋರಿಸಿ ಅದನ್ನೇ ಮತ್ತೆ ಹಾಕಿದರು, ಹೊಸದನ್ನು ಮಾರಲು ನೋಡಲಿಲ್ಲ. ‘ಬರೀ ನೋಡಿದ್ದಕ್ಕೆ ದುಡ್ಡೇ?’ ಎಂದು ಗಿರಾಕಿಗಳು ಜಗಳಕ್ಕೆ ನಿಲ್ಲುವುದನ್ನು ನಾನು ಅಲ್ಲಿಯೇ ಕಂಡೆ. ಡಾಕ್ಟರು ನೋಡಿ ಔಷಧಿ ಬೇಡವೆಂದರೂ ನಾವು ಫೀ ಕೊಟ್ಟೇ ಬರುತ್ತೇವಲ್ಲವೇ? ನೋಡುವುದಕ್ಕೆ ಹಣ ಕೊಡದಿರುವುದರಿಂದಲೇ ನಮ್ಮ ಗ್ಯಾರೇಜುಗಳಲ್ಲಿ ನೋಡದೆ ಬಿಡಿಭಾಗ ಬದಲಿಸುವ ಅಭ್ಯಾಸ ಬೆಳೆದಿದೆ. ಮೇಸ್ತ್ರಿಗೆ ಕೂಲಿ ಹುಟ್ಟುವುದು ಬದಲಿಸಿದರೆ ಮಾತ್ರ ಎಂದಾದಾಗ ಬದಲಿಸುವುದೇ ಅವನ ಉತ್ತರವಾಗುತ್ತದೆ. ಅಲ್ಲಿ ಕಳೆದ ಸಮಯ ಮತ್ತು ಬಳಸಿದ ಸಲಕರಣೆಗಳನ್ನು ನೆನೆದರೆ 1,800 ರೂಪಾಯಿ ಕಡಿಮೆಯೇ. ಬಿಲ್ಲಿನ ಜೊತೆ ಕೊಟ್ಟ ಹಾಳೆಯಲ್ಲಿ ಮೊದಲಿನ ಮತ್ತು ನಂತರದ ಅಳತೆಗಳಿದ್ದವು: ಬ್ಯಾಟರಿ ವೋಲ್ಟೇಜು, ರೈಲ್ ಒತ್ತಡ, ಸಂಕೇತಗಳು, ಎರಡು ಚಿತ್ರಗಳು. ಗಾಡಿಯನ್ನು ಮುಂದೆ ಯಾರ ಕೈಗೆ ಕೊಟ್ಟರೂ ಈ ಹಾಳೆ ಉಪಯೋಗಕ್ಕೆ ಬರುತ್ತದೆ.

ಕೊರತೆಗಳೂ ಇವೆ, ಅವನ್ನೂ ಹೇಳಬೇಕು. ಫೋನಿಗೆ ಉತ್ತರ ಸಿಗುವುದು ಅಪರೂಪ, ಸಂಜೆ ಆರರ ಮೇಲೆ ಪ್ರಯತ್ನಿಸುವುದು ಮೇಲು. ಗಾಡಿ ಯಾವ ಹಂತದಲ್ಲಿದೆ ಎಂದು ಅವರಾಗಿ ತಿಳಿಸುವುದಿಲ್ಲ, ನಾವೇ ಹೋಗಿ ನೋಡಬೇಕು. ದೂರದ ಊರಿನವರಿಗೆ ಇದು ನಿಜವಾದ ತೊಂದರೆ. ಲಿಫ್ಟ್ ಒಂದೇ ಇರುವುದರಿಂದ ಅದರ ಮೇಲಿರುವ ಗಾಡಿ ಇಳಿಯುವ ತನಕ ನಮ್ಮದು ಕಾಯಬೇಕು. ಕೂರಲು ಜಾಗವಿಲ್ಲ, ಮಳೆಗಾಲದಲ್ಲಿ ಹೊರಗೆ ನಿಲ್ಲಿಸಿದ ಗಾಡಿಯ ಸುತ್ತ ಕೆಸರು ನಿಲ್ಲುತ್ತದೆ. ಅವಸರದ ಸರ್ವಿಸ್ ಬೇಕಾದವರು, ಎಣ್ಣೆ ಬದಲಾವಣೆಯಂಥ ಸಣ್ಣ ಕೆಲಸದವರು ಇಲ್ಲಿಗೆ ಬಂದು ಕಾಯುವ ಅಗತ್ಯ ನನಗೆ ಕಾಣುವುದಿಲ್ಲ.

ಪೆಟ್ರೋಲ್ ಗಾಡಿಯವರಿಗೂ ಒಂದೆರಡು ಮಾತು, ಏಕೆಂದರೆ ನಾನು ಅಲ್ಲಿ ಕಾಯುತ್ತಿದ್ದಾಗ ಅಂಥದೇ ತೊಂದರೆಯ ಪೆಟ್ರೋಲ್ ಕಾರೊಂದು ಪಕ್ಕದಲ್ಲಿ ನಿಂತಿತ್ತು. ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್, ಪೆಟ್ರೋಲ್, ಕಂಪ್ರೆಷನ್ ಮೂರೂ ಇವೆಯೇ ಎಂದು ಮೊದಲು ನೋಡುತ್ತಾರೆ. ಪ್ಲಗ್ ಬಿಚ್ಚಿದಾಗ ಪೆಟ್ರೋಲಿನಿಂದ ಒದ್ದೆಯಾಗಿದ್ದು ಸ್ಪಾರ್ಕೂ ಬರುತ್ತಿದ್ದರೆ, ಸೆಲ್ಫ್ ಹೊಡೆದಾಗ ಗಾಳಿಯ ಕೊಳವೆಯ ಕಡೆಯಿಂದ ಸಿಡಿದ ಸದ್ದು ಬಂದರೆ, ಅನುಮಾನ ಟೈಮಿಂಗ್ ಮೇಲೆಯೇ. ಡಿಸ್ಟ್ರಿಬ್ಯೂಟರ್ (ಸಿಲಿಂಡರ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಇರುವ ಹಳೆಯ ಗಾಡಿಗಳಲ್ಲಿ ಬೆಲ್ಟಿನ ಗುರುತುಗಳೆಲ್ಲ ಸರಿಯಾಗಿದ್ದರೂ ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತಿದ್ದರೆ ಎಂಜಿನ್ ಹಿಡಿಯುವುದಿಲ್ಲ. ಪಿಸ್ಟನ್ ಮೇಲೆ ಬಂದ ಗುರುತು ಒಂದು ಆವರ್ತನದಲ್ಲಿ ಎರಡು ಸಲ ಬರುತ್ತದೆ, ಕಿಡಿ ಬೇಕಾದದ್ದು ಅದರಲ್ಲಿ ಒಂದು ಸಲ. ಚೈನ್ ಇರುವ ಗಾಡಿಗಳಲ್ಲೂ, ಉದಾಹರಣೆಗೆ ಮಾರುತಿ ಸ್ವಿಫ್ಟ್‌ನ 1.3 ಲೀಟರ್ ಡೀಸೆಲ್‌ನಲ್ಲೂ, ಚೈನ್ ಬದಲಿಸುವಾಗ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಪಿನ್ ಹಾಕಿ ನಿಲ್ಲಿಸುವ ಕ್ರಮವೇ ಇದೆ. ಕೆಲಸಕ್ಕೆ ಕೊಡುವ ಮೊದಲು ‘ನಿಮ್ಮಲ್ಲಿ ಈ ಎಂಜಿನ್ನಿನ ಪಿನ್‌ಗಳು ಇವೆಯೇ, ತೋರಿಸಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಒಳ್ಳೆಯ ಮೇಸ್ತ್ರಿ ಆ ಪ್ರಶ್ನೆಯಿಂದ ಬೇಸರಿಸಿಕೊಳ್ಳುವುದಿಲ್ಲ.

ಫೋನಿಗೆ ಜೋಡಿಸುವ ದೋಷ ಸಂಕೇತ ಓದುವ ಅಗ್ಗದ ಬ್ಲೂಟೂತ್ ಓಬಿಡಿ ಉಪಕರಣ ಮನೆಯಲ್ಲಿದ್ದರೆ ಗಾಡಿ ಸಾಗಿಸುವ ಮೊದಲೇ ಸಂಕೇತಗಳನ್ನು ಓದಿ ಬರೆದುಕೊಳ್ಳಿ, ಆದರೆ ಅಳಿಸಬೇಡಿ. ಅಳಿಸಿದರೆ ಪತ್ತೆ ಮಾಡುವವರಿಗೆ ಬೇಕಾದ ಸುಳಿವು ಹೋಗುತ್ತದೆ. ಹಿಂದಿನ ಕೆಲಸದ ಬಿಲ್ಲು, ತೆಗೆದ ಹಳೆಯ ಬೆಲ್ಟು, ಹೊಸ ಕಿಟ್ಟಿನ ಡಬ್ಬಿ ಮೂರನ್ನೂ ಜೊತೆಗೆ ಒಯ್ಯಿರಿ. ಗಾಡಿಯನ್ನು ಹಗ್ಗ ಕಟ್ಟಿ ಎಳೆಸದೆ ಚಪ್ಪಟೆ ಹಾಸಿನ ಲಾರಿಯ ಮೇಲೆಯೇ ಕಳಿಸಿ, ದಾರಿಯಲ್ಲಿ ಯಾರೂ ಗೇರಿಗೆ ಹಾಕಿ ತಳ್ಳದಂತೆ ಚಾಲಕನಿಗೆ ಹೇಳಿ. ಬೆಲ್ಟ್ ಮತ್ತೆ ಕೂರಿಸಿದ ಗಾಡಿಯನ್ನು 1,000 ಕಿಲೋಮೀಟರ್ ಓಡಿದ ಮೇಲೆ ಒಮ್ಮೆ ತರಲು ಅವರು ಹೇಳುತ್ತಾರೆ. ಮೇಲಿನ ಕವರು ತೆಗೆದು ಟೆನ್ಷನರ್‌ನ ಸೂಚಕ, ಕೂಲಂಟಿನ ಸೋರಿಕೆ, ಕನೆಕ್ಟರು ಇವನ್ನು ನೋಡಿ ಕಳಿಸುತ್ತಾರೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.